ಮನೆ, ಕಚೇರಿ ಮತ್ತು ನಡುವಣ ದಾರಿ

ಮನೆ ಬೇರೆ, ದುಡಿಮೆಯ ತಾಣ ಬೇರೆ ಎಂಬ ಏರ್ಪಾಡು ಇಂದಿನ ನಗರವಾಸಿಗೆ ಎಷ್ಟು ಸಹಜವಾಗಿ ತೋರುತ್ತದೆಯೆಂದರೆ, ಅದಕ್ಕೂ ಒಂದು ಹುಟ್ಟುಕಾಲವಿದೆ ಎಂಬುದೇ ಅವನ ನೆನಪಿಗೆ ಬರುವುದಿಲ್ಲ. ಬೆಳಗಾದರೆ ಬುತ್ತಿ ಕಟ್ಟಿಕೊಂಡು ಹೊರಡುವುದು, ದೀಪ ಹಚ್ಚಿದ ಮೇಲೆ ದಣಿದು ಮರಳುವುದು ಮನುಷ್ಯನ ಹಣೆಬರಹವೇ ಆಗಿದೆಯೆಂಬಂತೆ ನಾವು ಬಾಳುತ್ತ ಬಂದಿದ್ದೇವೆ. 2020ನೆಯ ಇಸವಿಯಲ್ಲಿ ಜಗತ್ತನ್ನೆಲ್ಲ ವ್ಯಾಪಿಸಿದ ಕೊರೋನಾ ವ್ಯಾಧಿಯು ಈ ಏರ್ಪಾಡನ್ನು ಕೆಲವೇ ದಿನಗಳಲ್ಲಿ ಕಳಚಿಹಾಕಿತು. ಕೋಟ್ಯಂತರ ನೌಕರರು ಮನೆಯಲ್ಲಿಯೇ ಕುಳಿತು ಕಚೇರಿಯ ಕೆಲಸವನ್ನು ನಡೆಸಿದರು. ಕಾಲಾನುಕ್ರಮದಲ್ಲಿ ವ್ಯಾಧಿ ಇಳಿಯಿತು. ಕಚೇರಿಗಳ ಬಾಗಿಲು ತೆರೆಯಿತು. ಮರಳಿ ಬರಬೇಕೆಂಬ ಕರೆಯೂ ಹೋಯಿತು. ಆದರೆ ಕರೆಸಿಕೊಂಡವರಲ್ಲಿ ಅನೇಕರು ಬರಲಿಲ್ಲ. ಬಂದವರಲ್ಲಿಯೂ ಅನೇಕರು ಮನಸ್ಸಿಟ್ಟು ಬರಲಿಲ್ಲ. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋಗಳಂಥ ಮಹಾನಗರಗಳಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ಈ ಜಗ್ಗಾಟ ವರ್ಷಗಟ್ಟಲೆ ನಡೆಯಿತು.

ಹಿರಿಯರು ಇದನ್ನು ಮೈಗಳ್ಳತನವೆಂದು ಜರೆದರು. ಕಿರಿಯರು ತಮ್ಮ ಹಕ್ಕೆಂದು ವಾದಿಸಿದರು. ಇವೆರಡೂ ಅವಸರದ ತೀರ್ಪುಗಳೆಂದು ನಮಗೆ ತೋರುತ್ತದೆ. ಕೆಲಸಕ್ಕಾಗಿ ಮನೆ ಬಿಡಲು ಮನುಷ್ಯನು ತೋರಿದ ಹಿಂಜರಿಕೆಗೆ ಎರಡೂವರೆ ಶತಮಾನಗಳ ಚರಿತ್ರೆಯುಂಟು. ಆ ಚರಿತ್ರೆಯನ್ನು ಬಲ್ಲವನಿಗೆ ಇಂದಿನ ಜಗಳದಲ್ಲಿ ಹೊಸದೇನು, ಹಳೆಯದೇನು ಎಂಬುದು ಸುಲಭವಾಗಿ ಗೋಚರಿಸುತ್ತದೆ.

ಇಂಗ್ಲೆಂಡಿನ ನೇಕಾರರಿಂದ ಆರಂಭಿಸುವುದು ಉಚಿತ. ಹದಿನೆಂಟನೆಯ ಶತಮಾನದಲ್ಲಿ ಆ ದೇಶದ ಬಟ್ಟೆಯ ಉದ್ಯಮವು ಬಹುಮಟ್ಟಿಗೆ ಮನೆಗಳಲ್ಲಿಯೇ ನಡೆಯುತ್ತಿತ್ತು. ವ್ಯಾಪಾರಿಯು ನೂಲನ್ನೋ ಉಣ್ಣೆಯನ್ನೋ ಮನೆಗೆ ತಂದುಕೊಡುವನು. ಗಂಡಸು ಮಗ್ಗದ ಮೇಲೆ ಕೂಡುವನು, ಹೆಂಗಸು ನೂಲುವಳು, ಮಕ್ಕಳು ಕೈಯಾಸರೆಯಾಗುವರು. ಇಳಕಲ್ಲು, ಗುಳೇದಗುಡ್ಡಗಳಲ್ಲಿ ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವ ಮಗ್ಗಗಳನ್ನೂ, ಪಕ್ಕದಲ್ಲಿಯೇ ಕಂಡಿಕೆ ಸುತ್ತುವ ಮನೆಮಂದಿಯನ್ನೂ ಕಂಡ ನಮ್ಮ ವಾಚಕರಿಗೆ ಈ ಚಿತ್ರವನ್ನು ವಿವರಿಸಬೇಕಾದುದಿಲ್ಲ. ಅಲ್ಲಿಯ ನೇಕಾರನು ಭಾನುವಾರದ ವಿಶ್ರಾಂತಿ ಸಾಲದೆಂದು ಸೋಮವಾರವನ್ನೂ ಬಿಡುವಾಗಿಯೇ ಕಳೆಯುತ್ತಿದ್ದನು. ವಾರದ ಕೊನೆಗೆ ಹಗಲುರಾತ್ರಿ ದುಡಿದು ಲೆಕ್ಕ ಸರಿಪಡಿಸುತ್ತಿದ್ದನು. ಸಂತರ ಹಬ್ಬಗಳ ಮಾದರಿಯಲ್ಲಿ ಜನ ಅದನ್ನು ವಿನೋದದಿಂದ ‘ಸಂತ ಸೋಮವಾರ’ವೆಂದು ಕರೆದರು. ಇತಿಹಾಸಕಾರ ಇ. ಪಿ. ಥಾಂಪ್ಸನ್ ಅವರು 1967ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಈ ಸೋಮವಾರದ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕೆಲಸವನ್ನು ಮುಗಿಸುವ ಹೊಣೆ ತನ್ನದು, ಎಂದು ಮಾಡಬೇಕೆಂಬುದೂ ತನ್ನದೇ ಎಂಬ ತಿಳಿವಳಿಕೆ ಆ ನೇಕಾರನದಾಗಿತ್ತು.

1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಎಂಬಾತನು ಡರ್ಬಿಶೈರ್ ಪ್ರಾಂತದ ಕ್ರಾಮ್‌ಫರ್ಡ್ ಎಂಬ ಹಳ್ಳಿಯಲ್ಲಿ ನೀರಿನ ಬಲದಿಂದ ನೂಲುವ ಗಿರಣಿಯನ್ನು ಸ್ಥಾಪಿಸಿದನು. ಯಂತ್ರವನ್ನು ಮನೆಮನೆಗೆ ಒಯ್ಯುವಂತಿರಲಿಲ್ಲ. ಹೊಳೆಯ ಬಳಿಗೆ ಜನರೇ ಬರಬೇಕಾಯಿತು. ಬರುವ ಹೊತ್ತನ್ನು ಗಂಟೆ ಬಾರಿಸಿ ತಿಳಿಸಲಾಯಿತು. ಜನ ಒಮ್ಮೆಲೇ ಒಪ್ಪಿದರೇ? ಒಪ್ಪಲಿಲ್ಲ. ಆದ್ದರಿಂದಲೇ ಆರ್ಕ್‌ರೈಟನು 1776ರ ಸುಮಾರಿಗೆ ಅದೇ ಹಳ್ಳಿಯಲ್ಲಿ ನಾರ್ತ್ ಸ್ಟ್ರೀಟ್ ಎಂಬ ಬೀದಿಯ ಇಕ್ಕೆಲಗಳಲ್ಲಿ ಮೂರಂತಸ್ತಿನ ಮನೆಗಳನ್ನು ಕಟ್ಟಿಸಿದನು. ಮೇಲಂತಸ್ತಿನಲ್ಲಿ ಉದ್ದನೆಯ ಕಿಟಕಿಗಳು. ಬೆಳಕು ಧಾರಾಳವಾಗಿ ಬೀಳುವ ಆ ಕೋಣೆ ನೇಕಾರನ ಕೆಲಸದ ಮನೆ. ಹೆಂಡತಿಯೂ ಮಕ್ಕಳೂ ಗಂಟೆಯ ಕರೆಗೆ ಓಗೊಟ್ಟು ಗಿರಣಿಗೆ ಹೋಗುವರು. ಗಂಡನು ಮಾತ್ರ ಮೊದಲಿನಂತೆ ಮನೆಯ ಅಟ್ಟದಲ್ಲಿಯೇ ದುಡಿಯುವನು. ಮೊದಲ ಗಿರಣಿಗಳ ಒಡೆಯನೇ ಮನೆಗೆಲಸಗಾರನಿಗೆ ಹೀಗೆ ಮಣಿದಿದ್ದನೆಂಬುದು ಗಮನಾರ್ಹ. ಆ ಮನೆಗಳು ಇಂದಿಗೂ ನಿಂತಿವೆ.

ಆದರೆ ಈ ಏರ್ಪಾಡು ಬಹುಕಾಲ ನಡೆಯಲಿಲ್ಲ. ಎಡ್ಮಂಡ್ ಕಾರ್ಟ್‌ರೈಟನು 1785ರಲ್ಲಿ ಹಕ್ಕು ಪಡೆದ ಯಂತ್ರಮಗ್ಗವು ನಿಧಾನವಾಗಿ ಸುಧಾರಿಸಿ, 1820ರ ದಶಕದ ಹೊತ್ತಿಗೆ ಗಿರಣಿಗಳನ್ನು ತುಂಬಿಕೊಂಡಿತು. ಆಗ ಬ್ರಿಟನ್ನಿನಲ್ಲಿ ಕೈಮಗ್ಗದ ಹತ್ತಿ ನೇಕಾರರು 2 ಲಕ್ಷಕ್ಕೂ ಮೀರಿ ಇದ್ದರು. ಕೂಲಿ ಇಳಿಯಿತು, ಮತ್ತೆ ಇಳಿಯಿತು, ಹೊಟ್ಟೆಗೆ ಸಾಲದಷ್ಟಾಯಿತು. ಹಾಗಾದರೂ ಇವರಲ್ಲಿ ಅನೇಕರು ಗಿರಣಿಯ ಬಾಗಿಲು ತುಳಿಯದೆ, ಹಸಿದುಕೊಂಡೇ ಮನೆಯ ಮಗ್ಗವನ್ನು ಹಿಡಿದು ಕುಳಿತರು. ಮೂವತ್ತು ವರ್ಷಗಳಲ್ಲಿ ಅವರ ಸಂಖ್ಯೆ ಹಿಡಿಯಷ್ಟಾಯಿತು. ಅವರಿಗೆ ದುಡಿಮೆಯ ಬಗೆಗೆ ಅರುಚಿಯಿದ್ದಿತೆಂದು ಯಾರೂ ಹೇಳಲಾರರು. ಗಂಟೆಯೂ ಮೇಲ್ವಿಚಾರಕನ ಕಣ್ಣೂ ಅವರಿಗೆ ಬೇಡವಾಗಿದ್ದವು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನಪಿಡಬೇಕು: ಅವರ ಅನಿಚ್ಛೆ ಎಷ್ಟೇ ದೃಢವಾಗಿದ್ದರೂ, ಅವರ ಕೈಗೆ ಬೇಡಿಕೆ ಇಲ್ಲವಾದ ದಿನ ಅದಕ್ಕೆ ಬೆಲೆ ಉಳಿಯಲಿಲ್ಲ.

ಇದು ಕೈಕೆಲಸದವರ ಕಥೆಯಾಯಿತು. ಲೇಖನಿಯ ಕೆಲಸದವರು ಮನೆ ಬಿಟ್ಟುದು ಹೇಗೆ? ಲಂಡನ್ನಿನ ವ್ಯಾಪಾರಿಯು ಹಿಂದಿನ ಕಾಲದಲ್ಲಿ ತನ್ನ ಅಂಗಡಿಯ ಮೇಲೆಯೇ ವಾಸವಾಗಿರುತ್ತಿದ್ದನು. ಲೆಕ್ಕದ ಕೋಣೆ ಕೆಳಗೆ, ಸಂಸಾರ ಮೇಲೆ. ವ್ಯಾಪಾರ ಸಾಗರವನ್ನು ದಾಟಿ ರಾಜ್ಯಭಾರವಾಗಿ ಮಾರ್ಪಟ್ಟಾಗ ಈ ಲೆಕ್ಕದ ಕೋಣೆಯು ಅರಮನೆಯ ಗಾತ್ರಕ್ಕೆ ಬೆಳೆಯಿತು. ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಹೌಸ್ ಅಂಥದು. ನಮ್ಮ ನಾಡನ್ನು ಆಳಿದ ಕಂಪನಿಯ ಕೇಂದ್ರ ಕಚೇರಿ ಅದೇ. 1818ರಲ್ಲಿ ಪೇಶ್ವೆಯ ಆಳ್ವಿಕೆ ಅಳಿದು ಧಾರವಾಡದ ಸೀಮೆ ಕಂಪನಿಯ ವಶವಾದ ಮೇಲೆ, ಇಲ್ಲಿಯ ಆಡಳಿತದ ಕೊನೆಯ ಮಾತೂ ಆ ಮನೆಯ ಕಾಗದಗಳಲ್ಲಿಯೇ ಅಡಗಿರುತ್ತಿತ್ತು. ಆ ಕಾಗದಗಳನ್ನು ಬರೆಯಲು, ನಕಲು ಮಾಡಲು, ಜೋಡಿಸಿಡಲು ನೂರಾರು ಕಾರಕೂನರು ಬೇಕಾದರು. ಕಾಗದ ಒಂದೇ ಕಡೆ ಇರುವುದರಿಂದ ಅವರೂ ದಿನದಿನವೂ ಒಂದೇ ಕಡೆಗೆ ಬರಬೇಕಾಯಿತು. ಗಿರಣಿಗೆ ಹೊಳೆ ಹೇಗೋ, ಕಚೇರಿಗೆ ಕಡತ ಹಾಗೆ.

ಆ ಕಾರಕೂನರಲ್ಲಿ ಒಬ್ಬನು ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್. 1792ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ ಆ ಕಚೇರಿಯನ್ನು ಸೇರಿದ ಆತ 1825ರಲ್ಲಿ ನಿವೃತ್ತನಾಗುವವರೆಗೆ 33 ವರ್ಷ ಅಲ್ಲಿ ಲೆಕ್ಕ ಬರೆದನು. ಸಾಹಿತ್ಯವನ್ನು ರಾತ್ರಿಯ ಮಿಕ್ಕ ಹೊತ್ತಿನಲ್ಲಿ ಸಾಧಿಸಿದನು. ನಿವೃತ್ತನಾದ ವರ್ಷವೇ ಬರೆದ ಪ್ರಬಂಧವೊಂದರಲ್ಲಿ ಬಿಡುಗಡೆಯಾದ ನೌಕರನ ಮನಸ್ಥಿತಿಯನ್ನು ಆತ ಬಣ್ಣಿಸಿದ ರೀತಿ ಅಪೂರ್ವವಾದುದು. ಮೊದಮೊದಲು ಕಾಲವೆಲ್ಲ ತನ್ನದಾದುದಕ್ಕೆ ದಿಗ್ಭ್ರಮೆ. ವಾರಗಳ ಲೆಕ್ಕವೇ ತಪ್ಪಿದ ಅನುಭವ. ಬಳಿಕ ಹಳೆಯ ಜೊತೆಗಾರರನ್ನು ನೋಡಲು ಕಚೇರಿಗೆ ಹೋದರೆ, ತನ್ನ ಮೇಜು ಪರರ ಪಾಲಾಗಿದೆ, ಟೋಪಿ ತೂಗುಹಾಕುತ್ತಿದ್ದ ಗೂಟವೂ ಪರರದಾಗಿದೆ. ಕಚೇರಿಯನ್ನು ದ್ವೇಷಿಸಿದವನಿಗೂ ಆ ಗೂಟ ಮನಸ್ಸಿನಲ್ಲಿ ಉಳಿಯಿತು. ಇಂದು ಕಚೇರಿಯ ಪರ ಮಾತನಾಡುವವರು ಕೂಡುಬಾಳಿನ, ಒಡನಾಟದ ಮಹಿಮೆಯನ್ನು ಹೇಳುವಾಗ ಬಹುಶಃ ಹೇಳಲಿಚ್ಛಿಸುವುದು ಇದನ್ನೇ. ಆದರೆ ಲ್ಯಾಂಬ್ ಹೇಳಿದಷ್ಟು ಚೆನ್ನಾಗಿ ಹೇಳಲು ಅವರಿಗೆ ಆಗುತ್ತಿಲ್ಲ!

ಇರಲಿ. ಕಡತಗಳು ಒಂದೆಡೆ ಸೇರಿದ ಮೇಲೆ ಜನರನ್ನು ದೂರದಿಂದ ಕರೆತರುವ ಉಪಾಯಗಳು ಒಂದೊಂದಾಗಿ ಬಂದವು. ಲಂಡನ್ನಿನಲ್ಲಿ 1829ರಲ್ಲಿ ಕುದುರೆ ಎಳೆಯುವ ಆಮ್ನಿಬಸ್ಸು, 1836ರಲ್ಲಿ ನಗರದ ಮೊದಲ ರೈಲು, 1863ರಲ್ಲಿ ನೆಲದೊಳಗಿನ ರೈಲು. ಅಮೆರಿಕದ ರೈಲು ಕಂಪನಿಗಳು ಪ್ರತಿನಿತ್ಯ ಓಡಾಡುವವರಿಗೆ ದರವನ್ನು ತಗ್ಗಿಸಿ, ಅಂದರೆ ‘ಕಮ್ಯೂಟ್’ ಮಾಡಿ, ಒಟ್ಟು ಟಿಕೀಟು ಕೊಡತೊಡಗಿದವು. ಆ ಟಿಕೀಟಿನವನೇ ‘ಕಮ್ಯೂಟರ್’ ಎನಿಸಿಕೊಂಡನು. ದಾರಿಯಲ್ಲಿ ಆಯುಷ್ಯ ಕಳೆಯುವವನಿಗೆ ಬಂದ ಹೆಸರು ರಿಯಾಯಿತಿ ದರದಿಂದ ಹುಟ್ಟಿತೆಂಬುದು ಒಂದು ವಿನೋದ. ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ಕೆಳತುದಿಗೆ ‘ಡೌನ್‌ಟೌನ್’ ಎನ್ನುತ್ತಿದ್ದರು. ವ್ಯವಹಾರವೆಲ್ಲ ಅಲ್ಲಿಯೇ ನೆಲೆಸಿದ್ದರಿಂದ ಯಾವ ಊರಿನ ಕಚೇರಿಗಳ ಕೇರಿಗೂ ಅದೇ ಹೆಸರು ನಿಂತಿತು. 1857ರಲ್ಲಿ ಅದೇ ನಗರದ ಅಂಗಡಿಯೊಂದರಲ್ಲಿ ಓಟಿಸನ ಲಿಫ್ಟು ಜನರನ್ನು ಮೇಲೇರಿಸಿತು. 1885ರಲ್ಲಿ ಶಿಕಾಗೋದಲ್ಲಿ ಲೋಹದ ಹಂದರದ ಹತ್ತು ಅಂತಸ್ತಿನ ಕಟ್ಟಡ ಎದ್ದಿತು. ಅಲ್ಲಿಂದ ಮುಂದೆ ಗಗನಚುಂಬಿಗಳ ಕಥೆ ಎಲ್ಲರಿಗೂ ವಿದಿತವೇ ಇದೆ. ಒಂದು ಚದರ ಮೈಲಿಯಲ್ಲಿ ಹಗಲು ಲಕ್ಷಾಂತರ ಜನ, ರಾತ್ರಿ ಕಾವಲುಗಾರರು ಮಾತ್ರ. ಇಂಥ ಊರನ್ನು ಹಿಂದಿನ ಯಾವ ನಾಗರಿಕತೆಯೂ ಕಂಡಿರಲಿಲ್ಲ.

ಈ ಮಹಾರಚನೆ ನಿಂತುದು ಕಾಗದದ ಮೇಲೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಗದವು ವಿದ್ಯುತ್ ಸಂಕೇತವಾಗಿ ತಂತಿಯೊಳಗೆ ಹೊಕ್ಕಾಗ ಅದರ ಬುನಾದಿ ಸಡಿಲಿತು. ಇದನ್ನು ಮೊದಲು ಅರಿತವರಲ್ಲಿ ಒಬ್ಬ ಮಹಿಳೆಯಿದ್ದುದು ಆಕಸ್ಮಿಕವಲ್ಲ. ಬಾಲ್ಯದಲ್ಲಿ ನಾಜಿಗಳ ಹಿಂಸೆಯಿಂದ ಪಾರಾಗಿ 1939ರಲ್ಲಿ ಇಂಗ್ಲೆಂಡಿಗೆ ಬಂದಿಳಿದ ಸ್ಟೆಫನಿ ಶರ್ಲಿಯವರು 1962ರಲ್ಲಿ, ಕೈಯಲ್ಲಿದ್ದ 6 ಪೌಂಡುಗಳ ಬಂಡವಾಳದಿಂದ, ಮನೆಯಲ್ಲಿಯೇ ಗಣಕಯಂತ್ರದ ಕಾರ್ಯಕ್ರಮ ಬರೆದುಕೊಡುವ ಸಂಸ್ಥೆಯನ್ನು ತೆರೆದರು. ಮದುವೆಯಾಗಿ, ಮಕ್ಕಳಾಗಿ ಕೆಲಸ ಬಿಡಬೇಕಾಗಿ ಬಂದ ವಿದ್ಯಾವಂತ ಹೆಂಗಸರೇ ಅವರ ನೌಕರರು. ಮೊದಲ 300 ಜನರಲ್ಲಿ ಪುರುಷರು ಮೂವರೇ. ಎಲ್ಲರೂ ತಂತಮ್ಮ ಮನೆಗಳಲ್ಲಿ ಕುಳಿತು ಬರೆಯುವರು. ಸ್ಟೆಫನಿ ಎಂದು ರುಜು ಮಾಡಿದ ಪತ್ರಗಳಿಗೆ ಉತ್ತರ ಬಾರದಿರಲು, ಗಂಡಸಿನ ಹೆಸರೆಂದು ತೋರುವಂತೆ ‘ಸ್ಟೀವ್’ ಎಂದು ರುಜು ಮಾಡತೊಡಗಿದರಂತೆ. ಟೆಲಿಫೋನು ಬಂದಾಗ ಮಗುವಿನ ಅಳು ಕೇಳಬಾರದೆಂದು, ಬೆರಳಚ್ಚಿನ ಯಂತ್ರದ ಸದ್ದನ್ನು ಮುದ್ರಿಸಿಟ್ಟುಕೊಂಡು ಅದನ್ನು ಹಿನ್ನೆಲೆಯಲ್ಲಿ ನುಡಿಸುತ್ತಿದ್ದರೆಂದೂ ಅವರೇ ಹೇಳಿಕೊಂಡಿದ್ದಾರೆ. ಕಚೇರಿಯೆಂದು ನಂಬಿಸಲು ಕಚೇರಿಯ ಸದ್ದು ಸಾಕಾಯಿತು! ಶಬ್ದವೇಗವನ್ನು ಮೀರಿ ಹಾರಿದ ಕಾಂಕಾರ್ಡ್ ವಿಮಾನದ ದಾಖಲೆಪೆಟ್ಟಿಗೆಗೆ ಕಾರ್ಯಕ್ರಮ ಬರೆದವರು ಈ ಗೃಹಿಣಿಯರೇ.

1973ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜ್ಯಾಕ್ ನೈಲ್ಸ್ ಎಂಬವರು ಇಂಥ ದೂರದುಡಿಮೆಗೆ ‘ಟೆಲಿಕಮ್ಯೂಟಿಂಗ್’ ಎಂದು ಹೆಸರಿಟ್ಟರು. ಅದು ತೈಲದ ಬರ ಬಂದ ವರ್ಷ. ಐಬಿಎಂ ಸಂಸ್ಥೆಯು 1979ರಲ್ಲಿ ಐವರು ನೌಕರರ ಮನೆಗಳಲ್ಲಿ ಯಂತ್ರವನ್ನಿರಿಸಿ ಪ್ರಯೋಗ ನಡೆಸಿತು. 2009ರ ಹೊತ್ತಿಗೆ ಅದರ ನೌಕರರಲ್ಲಿ ನೂರಕ್ಕೆ 40ರಷ್ಟು ಜನ ಕಚೇರಿಯಿಲ್ಲದವರಾಗಿದ್ದರು. ವಿಚಿತ್ರವೆಂದರೆ, 2017ರಲ್ಲಿ ಅದೇ ಸಂಸ್ಥೆ ಸಾವಿರಾರು ಜನರನ್ನು ಕಚೇರಿಗೆ ಮರಳಿ ಕರೆಯಿತು. ಯಾಹೂ ಸಂಸ್ಥೆಯೂ 2013ರಲ್ಲಿ ಹಾಗೆಯೇ ಮಾಡಿತ್ತು. ಅಂದಮೇಲೆ ವ್ಯಾಧಿಗೆ ಮುನ್ನವೇ ಈ ಜಗ್ಗಾಟ ತೊಡಗಿತ್ತೆನ್ನಬೇಕು.

ಇನ್ನು ಬೆಂಗಳೂರಿನ ಮಾತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದು, ಉಪಗ್ರಹದ ಸಂಪರ್ಕದಿಂದ ಇಲ್ಲಿಯ ಎಂಜಿನಿಯರುಗಳ ಕೆಲಸವನ್ನು ಸಾಗರದಾಚೆಗೆ ಕಳಿಸಿತು. ಆ ಬಳಿಕ ನಮ್ಮ ನಾಡಿನಲ್ಲಿ ಬೆಳೆದ ಇಡೀ ಉದ್ಯಮದ ಅಡಿಗಲ್ಲು ಒಂದೇ ತತ್ತ್ವ: ಕೆಲಸ ಮಾಡುವವನು ಧಣಿಯ ಕಣ್ಣಳವಿಯಲ್ಲಿ ಇರಬೇಕಾದುದಿಲ್ಲ, ಸಾವಿರಾರು ಮೈಲಿ ದೂರದಿಂದಲೂ ಕೆಲಸ ಚೆನ್ನಾಗಿ ನಡೆಯುತ್ತದೆ. ಈ ತತ್ತ್ವವನ್ನು ಮೂವತ್ತೈದು ವರ್ಷ ಜಗತ್ತಿಗೆ ಸಾರಿ ಸಂಪತ್ತು ಗಳಿಸಿದ ಉದ್ಯಮವೇ, ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಕುಳಿತವನ ಕೆಲಸವನ್ನು ಬೆಂಗಳೂರಿನಿಂದ ನಂಬಲಾರೆನೆಂದರೆ ಏನೆನ್ನೋಣ? ನೌಕರರ ಹಿಂಜರಿಕೆಯ ತಿರುಳು ಈ ಪ್ರಶ್ನೆಯಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

2020ರ ಮಾರ್ಚ್ 25ರಿಂದ ನಮ್ಮ ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂದಿತು. ಅದುವರೆಗೆ ದೂರವಾಣಿ ಸೇವೆಯ ಕೇಂದ್ರಗಳ ನೌಕರರು ಮನೆಯಿಂದ ಕೆಲಸ ಮಾಡಬೇಕಾದರೆ ಸರಕಾರದ ಕಟ್ಟುನಿಟ್ಟಿನ ನಿಯಮಗಳು ಅಡ್ಡಬರುತ್ತಿದ್ದವು. ಅವನ್ನು ಮಾರ್ಚಿನಲ್ಲಿ ಸಡಿಲಿಸಿ, ನವೆಂಬರಿನಲ್ಲಿ ಬಹುಮಟ್ಟಿಗೆ ತೆಗೆದೇ ಹಾಕಲಾಯಿತು. ನಾಲ್ಕು ಲಕ್ಷಕ್ಕೂ ಮಿಕ್ಕ ನೌಕರರಿದ್ದ ಟಿಸಿಎಸ್ ಸಂಸ್ಥೆ, 2025ರ ವೇಳೆಗೆ ಯಾವ ಹೊತ್ತಿನಲ್ಲಿಯೂ ತನ್ನ ಜನರಲ್ಲಿ ನೂರಕ್ಕೆ 25 ಮಂದಿ ಮಾತ್ರ ಕಚೇರಿಯಲ್ಲಿದ್ದರೆ ಸಾಕೆಂದು ಏಪ್ರಿಲಿನಲ್ಲಿ ಸಾರಿತು. ಜನ ಅದನ್ನು ನಂಬಿದರು. ಮಾರತಹಳ್ಳಿ, ಬಿ.ಟಿ.ಎಂ. ಬಡಾವಣೆಗಳ ಪಿ.ಜಿ. ವಸತಿಗಳು ಬರಿದಾದವು, ಹಾಸಿಗೆ ಸುತ್ತಿಕೊಂಡು, ಲ್ಯಾಪ್‌ಟಾಪು ಬಗಲಿಗೇರಿಸಿಕೊಂಡು ತರುಣ ತರುಣಿಯರು ತವರೂರಿಗೆ ಮರಳಿದರು. ಹಬ್ಬಕ್ಕೆ ಎರಡು ದಿನ ಬಂದುಹೋಗುತ್ತಿದ್ದ ಮಗ ಇಡೀ ವರ್ಷ ಪಡಸಾಲೆಯಲ್ಲಿ ಕುಳಿತುದನ್ನು ನೋಡಿದ ತಾಯಿತಂದೆಗಳು ನಮ್ಮ ವಾಚಕರಲ್ಲಿಯೇ ಎಷ್ಟು ಜನರಿರಲಿಕ್ಕಿಲ್ಲ! ವಿದ್ಯುತ್ತು ಹೋದಾಗ ಹೊಲದ ಬದುವಿನ ಮೇಲೆ ನಿಂತು ಮೊಬೈಲಿನ ಸಂಕೇತ ಹುಡುಕಿದ್ದೂ ಉಂಟು. ಆದರೂ ಕೆಲಸ ಸಾಗಿತು.

ಮನೆಯಲ್ಲಿ ಕುಳಿತವರು ಉಳಿದ ಸಮಯವನ್ನು ಏನು ಮಾಡಿದರು? ಇದಕ್ಕೆ ಉತ್ತರ ದೊರೆಯುವ ಒಂದು ಅಧ್ಯಯನವುಂಟು. 27 ದೇಶಗಳ ನೌಕರರನ್ನು ವಿಚಾರಿಸಿ ಅರ್ಥಶಾಸ್ತ್ರಜ್ಞರು 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮನೆಯಿಂದ ದುಡಿಯುವವನಿಗೆ ದಾರಿಯ ಓಡಾಟ ತಪ್ಪಿ ದಿನಕ್ಕೆ ಸರಾಸರಿ 72 ನಿಮಿಷ ಉಳಿಯಿತು; ಭಾರತದಲ್ಲಿ ಉಳಿದುದು 99 ನಿಮಿಷ. ಎಲ್ಲ ದೇಶಗಳನ್ನೂ ಒಟ್ಟಾಗಿ ನೋಡಿದರೆ, ಹೀಗೆ ಉಳಿದ ವೇಳೆಯಲ್ಲಿ ನೂರಕ್ಕೆ 40 ಪಾಲನ್ನು ನೌಕರನು ಮತ್ತೆ ಕೆಲಸಕ್ಕೇ ಸುರಿದನು. 34 ಪಾಲು ವಿರಾಮಕ್ಕೆ, 11 ಪಾಲು ಮಕ್ಕಳ ಹಾಗೂ ಹಿರಿಯರ ಆರೈಕೆಗೆ. ಮೈಗಳ್ಳತನವೆಂಬ ಆರೋಪ ಹೊರಿಸುವವರು ಈ 40ರ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಧಣಿಗಳ ಪಕ್ಷದಲ್ಲಿ ನ್ಯಾಯವೇ ಇಲ್ಲವೆನ್ನಲಾಗದು. ವ್ಯಾಧಿಗೆ ಬಹು ಮೊದಲೇ, 2010-11ರಲ್ಲಿ, ಚೀನದ ಶಾಂಘೈಯಲ್ಲಿ ಸಿಟ್ರಿಪ್ ಎಂಬ ಪ್ರವಾಸ ಸಂಸ್ಥೆ ಸ್ಟ್ಯಾನ್‌ಫರ್ಡಿನ ನಿಕೋಲಸ್ ಬ್ಲೂಮ್ ಮೊದಲಾದವರ ಮಾರ್ಗದರ್ಶನದಲ್ಲಿ ಒಂಬತ್ತು ತಿಂಗಳ ಪ್ರಯೋಗ ನಡೆಸಿತ್ತು. ಮನೆಯಿಂದ ದುಡಿದವರ ಕೆಲಸ ನೂರಕ್ಕೆ 13ರಷ್ಟು ಹೆಚ್ಚಿತು. ಕೆಲಸ ಬಿಟ್ಟುಹೋಗುವವರ ಪ್ರಮಾಣ ಅರ್ಧಕ್ಕಿಳಿಯಿತು. ಆದರೆ ಅಷ್ಟೇ ಕೆಲಸ ಮಾಡಿದ ಕಚೇರಿಯವರಿಗೆ ಹೋಲಿಸಿದರೆ ಇವರಿಗೆ ಬಡ್ತಿ ಕಡಿಮೆಯಾಯಿತು. ಕಣ್ಣೆದುರಿಗಿಲ್ಲದವನು ಮನಸ್ಸಿನಲ್ಲಿಯೂ ಇರಲಿಲ್ಲ. ಪ್ರಯೋಗ ಮುಗಿದು ಆಯ್ಕೆ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಮೊದಲಿನ ನಿರ್ಧಾರವನ್ನು ಬದಲಿಸಿದರು. ಮನೆಯ ಒಂಟಿತನ ಬೇಸರವಾಗಿ ಕಚೇರಿಗೆ ಮರಳಿದವರು ಅವರಲ್ಲಿದ್ದರು. ಲ್ಯಾಂಬನ ಗೂಟ ಇಲ್ಲಿಯೂ ನೆನಪಾಗುತ್ತದೆ. ನಮ್ಮಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಪ್ರೋ ಸಂಸ್ಥೆ ಗುಟ್ಟಾಗಿ ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ಜನರನ್ನು ಕೆಲಸದಿಂದ ತೆಗೆದುದಾಗಿ ತಿಳಿಸಿತು. ಹೊಸದಾಗಿ ಸೇರಿದ ಹುಡುಗನಿಗೆ ಪಕ್ಕದಲ್ಲಿ ಕುಳಿತು ಕಲಿಸುವವರಿಲ್ಲದೆ ಹೋದುದೂ ನಿಜವಾದ ನಷ್ಟವೇ. ಗುರುವಿನ ಸನ್ನಿಧಿಯಲ್ಲಿ ಕಲಿತ ಮಠದ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆಲ್ಲ ಮಧ್ಯಮ ಮಾರ್ಗವೂ ಉಂಟೆಂದು ಅದೇ ಶಾಂಘೈಯ ಸಂಸ್ಥೆಯ ಇನ್ನೊಂದು ಪ್ರಯೋಗ ತೋರಿಸಿತು: ವಾರಕ್ಕೆ ಎರಡು ದಿನ ಮನೆಯಿಂದ ದುಡಿಯಗೊಟ್ಟಾಗ ಕೆಲಸವೂ ಕೆಡಲಿಲ್ಲ, ಬಡ್ತಿಯೂ ತಪ್ಪಲಿಲ್ಲ, ರಾಜೀನಾಮೆಗಳು ಮೂರನೆಯ ಒಂದು ಪಾಲು ತಗ್ಗಿದವು. 1,612 ನೌಕರರನ್ನು ಒಳಗೊಂಡ ಈ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು.

ಅಮೆರಿಕದ ನಗರಗಳಲ್ಲಿ ಕರೆಗೆ ದೊರೆತ ಪ್ರತಿಕ್ರಿಯೆ ನಾನಾ ವಿಧವಾಗಿತ್ತು. ಕಟ್ಟಡಗಳ ಬಾಗಿಲಲ್ಲಿ ಗುರುತಿನ ಚೀಟಿ ತಾಗಿಸುವ ಯಂತ್ರಗಳ ಎಣಿಕೆಯಂತೆ, ಹತ್ತು ಮಹಾನಗರಗಳ ಕಚೇರಿಗಳಲ್ಲಿ ಹಾಜರಾತಿ ವ್ಯಾಧಿಪೂರ್ವದ ಅರ್ಧ ಮಟ್ಟವನ್ನು ಮುಟ್ಟಲು 2023ರ ಜನವರಿಯವರೆಗೆ ಕಾಯಬೇಕಾಯಿತು. ಆಪಲ್ ಸಂಸ್ಥೆಯ ನೌಕರರು 2022ರಲ್ಲಿ ಬಹಿರಂಗ ಪತ್ರ ಬರೆದರು. ಅಮೆಜಾನಿನವರು 2023ರ ಮೇ 31ರಂದು ಸಿಯಾಟಲ್‌ನಲ್ಲಿ ಕೆಲಸ ನಿಲ್ಲಿಸಿ ಹೊರಬಂದರು. ಜಾಣರು ಬಾಗಿಲಲ್ಲಿ ಚೀಟಿ ತಾಗಿಸಿ, ಒಂದು ಬಟ್ಟಲು ಕಾಫಿ ಕುಡಿದು, ಮನೆಗೆ ಮರಳಿ ಕೆಲಸ ಮುಂದುವರಿಸಿದರು. ಈ ಹಾಜರಾತಿಗೆ ‘ಕಾಫಿ ಬ್ಯಾಡ್ಜಿಂಗ್’ ಎಂಬ ಹೆಸರೂ ಹುಟ್ಟಿತು. ಮನೆಯಿಂದ ಮಾತನಾಡುವ ಉಪಕರಣವನ್ನು ಜಗತ್ತಿಗೆಲ್ಲ ಮಾರಿದ ಝೂಮ್ ಸಂಸ್ಥೆಯೇ 2023ರ ಆಗಸ್ಟಿನಲ್ಲಿ, ಕಚೇರಿಯಿಂದ 50 ಮೈಲಿಯೊಳಗಿರುವ ನೌಕರರು ವಾರಕ್ಕೆರಡು ದಿನ ಬರತಕ್ಕದ್ದೆಂದು ಅಪ್ಪಣೆ ಮಾಡಿತು.

ಜನ ಬಾರದಿದ್ದುದರ ಪೆಟ್ಟು ಅತಿ ಹೆಚ್ಚಾಗಿ ಬಿದ್ದುದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೇಲೆ. ವ್ಯಾಧಿಗೆ ಮುನ್ನ ಅಲ್ಲಿ ಕಚೇರಿಯ ಜಾಗ ಸಿಗುವುದೇ ದುರ್ಲಭವಾಗಿತ್ತು. 2023ರ ಹೊತ್ತಿಗೆ ನೂರಕ್ಕೆ 30ಕ್ಕೂ ಮೀರಿದ ಜಾಗ ಖಾಲಿ ಬಿದ್ದಿತು. 1988ರಿಂದ ನಡೆದು ಬಂದ ನಾರ್ಡ್‌ಸ್ಟ್ರಾಮ್ ಎಂಬ ಮಹಾಮಳಿಗೆ 2023ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ಟಿಕೀಟಿನ ಹಣದಿಂದಲೇ ತುಂಬಿಕೊಳ್ಳುತ್ತಿದ್ದ ಆ ಪ್ರದೇಶದ ಬಾರ್ಟ್ ರೈಲು, ಪ್ರಯಾಣಿಕರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಲು, ಸಂಕಟಕ್ಕೆ ಸಿಕ್ಕಿತು. ನ್ಯೂಯಾರ್ಕಿನ ಆಗಿನ ಮೇಯರ್ ಎರಿಕ್ ಆಡಮ್ಸ್ 2022ರಲ್ಲಿ, ಮನೆಯುಡುಗೆಯಲ್ಲಿ ದಿನವಿಡೀ ಕುಳಿತಿರುವುದು ಸಲ್ಲದೆಂದು ನೌಕರರನ್ನು ಗದರಿಸಿದಾಗ ಜನ ನಕ್ಕರು. ಆದರೆ ಆ ಮಾತಿನ ಹಿಂದಿದ್ದ ಚಿಂತೆ ನಗುವಂಥದಲ್ಲ. ಒಬ್ಬ ಬ್ಯಾಂಕಿನ ನೌಕರ ಪೇಟೆಗೆ ಬಂದರೆ ಊಟದ ಅಂಗಡಿಯವನು, ಬಟ್ಟೆ ಇಸ್ತ್ರಿ ಮಾಡುವವನು, ಬೂಟು ಹೊಳಪಿಡುವವನು, ರಾತ್ರಿ ನೆಲ ಒರೆಸುವವಳು ಎಲ್ಲರೂ ಬದುಕುತ್ತಾರೆ. ಮನೆಯಿಂದ ಕೆಲಸ ಎಂಬ ಸೌಲಭ್ಯ ಇವರಾರಿಗೂ ಯಾವ ಕಾಲದಲ್ಲಿಯೂ ಇರಲಿಲ್ಲ. ಬೆಂಗಳೂರಿನ ಕಂಪನಿಗಳ ಗೇಟಿನೆದುರು ಚಹಾ ಮಾರುತ್ತಿದ್ದವನನ್ನೂ, ಸಾಲ ಮಾಡಿ ಕೊಂಡ ಕ್ಯಾಬಿನ ಕಂತು ಕಟ್ಟಲಾರದೆ ಹೋದ ಚಾಲಕನನ್ನೂ ಈ ವಾದವಿವಾದದಲ್ಲಿ ಯಾರೂ ಹೆಸರೆತ್ತಲಿಲ್ಲವೆಂಬುದು ವಿಷಾದದ ಸಂಗತಿ. ತನ್ನ ದಾರಿಯ ದಣಿವನ್ನು ಕುರಿತು ಮಾತನಾಡುವ ನೌಕರನಿಗೂ, ಶಿಸ್ತನ್ನು ಕುರಿತು ಮಾತನಾಡುವ ಧಣಿಗೂ ಇವರ ನೆನಪು ಬಂದುದು ಅಪರೂಪ.

ಆದರೂ ಬೆಂಗಳೂರಿನ ನೌಕರನ ಹಿಂಜರಿಕೆಗೆ ಬೇರಾವ ಕಾರಣವನ್ನೂ ಹುಡುಕಬೇಕಾಗಿಲ್ಲ; ದಾರಿಯೊಂದೇ ಸಾಕು. ಟಾಮ್‌ಟಾಮ್ ಎಂಬ ಸಂಸ್ಥೆಯ ಎಣಿಕೆಯಂತೆ 2022ರಲ್ಲಿ ನಗರದ ಮಧ್ಯಭಾಗದಲ್ಲಿ 10 ಕಿಲೋಮೀಟರು ಸಾಗಲು 29 ನಿಮಿಷ 10 ಸೆಕೆಂಡು ಬೇಕಾಗುತ್ತಿತ್ತು. ಅಷ್ಟು ನಿಧಾನದ ನಗರಗಳಲ್ಲಿ ಬೆಂಗಳೂರಿಗೆ ಜಗತ್ತಿನಲ್ಲಿ ಎರಡನೆಯ ಸ್ಥಾನ, ಮೊದಲನೆಯದು ಲಂಡನ್. ನಮ್ಮಲ್ಲಿ ಕಚೇರಿಗಳು ಹಳೆಯ ಪೇಟೆಯಲ್ಲಿಲ್ಲ, ಊರಿನ ಅಂಚಿನ ಹೊರವರ್ತುಲ ರಸ್ತೆಯಲ್ಲಿವೆ. ಪಾಶ್ಚಾತ್ಯರ ಡೌನ್‌ಟೌನಿಗೆ ರೈಲು ಮೊದಲು ಬಂದು ಗೋಪುರಗಳು ಆಮೇಲೆ ಎದ್ದವು, ನಮ್ಮಲ್ಲಿ ಗೋಪುರಗಳು ಮೊದಲು ಎದ್ದವು. 2021ರ ಆಗಸ್ಟಿನಲ್ಲಿ ರಾಜ್ಯ ಸರಕಾರವೇ, ಸಿಲ್ಕ್ ಬೋರ್ಡಿನಿಂದ ಕೆ. ಆರ್. ಪುರದವರೆಗೆ ಮೆಟ್ರೋ ಕಾಮಗಾರಿ ನಡೆಯುವುದರಿಂದ 2022ರ ಡಿಸೆಂಬರಿನವರೆಗೆ ನೌಕರರನ್ನು ಮನೆಯಲ್ಲಿಯೇ ಇರಿಸಿಕೊಳ್ಳಬಹುದೆಂದು ಕಂಪನಿಗಳಿಗೆ ಸಲಹೆ ಮಾಡಿತ್ತು. 2022ರ ಸೆಪ್ಟೆಂಬರಿನ ಆರಂಭದಲ್ಲಿ ಮಳೆ ಸುರಿದು ಆ ರಸ್ತೆ ಕೆರೆಯಾದಾಗ, ತಂತ್ರಜ್ಞರು ಟ್ರ್ಯಾಕ್ಟರುಗಳ ಮೇಲೆ ನಿಂತು ಕಚೇರಿಗೆ ಹೋದ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಕೆರೆಗಳನ್ನು ನುಂಗಿ ಕಟ್ಟಿದ ಕಚೇರಿಗಳಿಗೆ ಕೆರೆಯೇ ಮರಳಿ ಬಂದಿತ್ತೆಂದರೆ ಅತಿಶಯೋಕ್ತಿಯಾಗದು.

2023ರ ಅಕ್ಟೋಬರಿನ ಹೊತ್ತಿಗೆ ಟಿಸಿಎಸ್ ವಾರದ ಐದು ದಿನವೂ ಕಚೇರಿಗೆ ಬರಬೇಕೆಂದು ಹೇಳಿತು. ಮುಂದಿನ ವರ್ಷ ಸಂಬಳದ ಒಂದು ಭಾಗವನ್ನು ಹಾಜರಾತಿಗೆ ಗಂಟುಹಾಕಿತು. ನೂರಕ್ಕೆ 25ರ ಮಾತು ಮತ್ತೆ ಕೇಳಿಬರಲಿಲ್ಲ. ಆ ಸಂಸ್ಥೆಯ 2023ರ ವಾರ್ಷಿಕ ವರದಿಯಲ್ಲಿ ಒಂದು ಸಂಗತಿ ಅಡಕವಾಗಿತ್ತು: ಕೆಲಸ ಬಿಡುವವರ ಪ್ರಮಾಣದಲ್ಲಿ ಹೆಂಗಸರು ಗಂಡಸರನ್ನು ಹಿಂದಿಕ್ಕಿದ್ದರು, ಹಿಂದೆ ಹಾಗಿರಲಿಲ್ಲ. ವ್ಯಾಧಿಯ ಕಾಲದಲ್ಲಿ ಮನೆಯ ಏರ್ಪಾಟುಗಳು ಬದಲಾದುದು ಇದಕ್ಕೆ ಕಾರಣವಿದ್ದೀತೆಂದು ಸಂಸ್ಥೆಯೇ ಊಹಿಸಿತು. ಮೂರು ವರ್ಷ ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಕೆಲಸವನ್ನೂ ಹಿಡಿದು ನಡೆಸಿದವಳಿಗೆ, ಒಂದನ್ನು ಬಿಡೆಂದಾಗ ಯಾವುದನ್ನು ಬಿಡಬೇಕೆಂಬುದರಲ್ಲಿ ಆಯ್ಕೆ ಎಲ್ಲಿದ್ದಿತು? ಸ್ಟೆಫನಿ ಶರ್ಲಿಯವರು 1962ರಲ್ಲಿ ಕಂಡ ಗೃಹಿಣಿಯೇ ಇವಳು.

ಇದೇ ಅವಧಿಯಲ್ಲಿ ಜಗತ್ತಿನ ತಂತ್ರಜ್ಞಾನ ಸಂಸ್ಥೆಗಳು ಸಹಸ್ರಾರು ಜನರನ್ನು ಕೆಲಸದಿಂದ ತೆಗೆಯತೊಡಗಿದ್ದವು. 2021ರಲ್ಲಿ ಎರಡು ಮೂರು ಕಡೆಯಿಂದ ಕರೆ ಇಟ್ಟುಕೊಂಡು ಕಚೇರಿಗೆ ಬರಲಾರೆನೆಂದ ತರುಣನು 2024ರಲ್ಲಿ ಅದೇ ಮಾತನ್ನು ಹೇಳಲಾರದವನಾದನು. ಅಮೆಜಾನ್ ಸಂಸ್ಥೆ 2025ರ ಜನವರಿಯಿಂದ ಐದೂ ದಿನ ಬರಬೇಕೆಂದಿತು; ಅದೇ ತಿಂಗಳ 20ರಂದು ಅಮೆರಿಕದ ಅಧ್ಯಕ್ಷರು ಕೇಂದ್ರ ಸರಕಾರದ ನೌಕರರಿಗೂ ಅದೇ ಅಪ್ಪಣೆ ಹೊರಡಿಸಿದರು. ಕೈಮಗ್ಗದವರ ಕಾಲದಲ್ಲಿ ಯಂತ್ರಮಗ್ಗ ಮಾಡಿದ ಕೆಲಸವನ್ನು ಈ ಸಲ ನೌಕರಿಯ ಅಭಾವ ಮಾಡಿತು. ಮನೆಯಿಂದ ಕೆಲಸ ನಡೆಯುವುದೋ ಇಲ್ಲವೋ ಎಂಬ ವಾದ ಗೆದ್ದೂ ಇಲ್ಲ, ಸೋತೂ ಇಲ್ಲ. ವಾದಿಸುವ ಶಕ್ತಿ ಒಂದು ಪಕ್ಷದಿಂದ ಇನ್ನೊಂದಕ್ಕೆ ಸರಿಯಿತು. ಆದರೂ ಅನೇಕ ಸಂಸ್ಥೆಗಳಲ್ಲಿ ವಾರಕ್ಕೆ ಎರಡು ಮೂರು ದಿನದ ರಾಜಿ ಉಳಿದುಕೊಂಡಿದೆ. ನಮ್ಮ ರಾಜ್ಯದಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಗಳಿಗೆ ಉದ್ಯಮವನ್ನು ಹರಡಬೇಕೆಂಬ ‘ಬಿಯಾಂಡ್ ಬೆಂಗಳೂರು’ ಯೋಜನೆ 2021ರ ಸುಮಾರಿಗೆ ರೂಪುಗೊಂಡುದಕ್ಕೂ, ತವರೂರಿನಲ್ಲಿ ಕುಳಿತು ದುಡಿದ ಆ ಎರಡು ವರ್ಷಗಳ ಅನುಭವ ಬಲ ಕೊಟ್ಟಿತೆನ್ನಬಹುದು.

ಐದು ದಿನದ ಅಪ್ಪಣೆಯಲ್ಲಿ ಅತ್ಯಂತ ಬಿಗಿಯಾಗಿದ್ದ ಸಂಸ್ಥೆಗಳಲ್ಲಿ ಜೆಪಿ ಮಾರ್ಗನ್ ಬ್ಯಾಂಕೂ ಒಂದು. ಅದು 2025ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದಲ್ಲಿ ತನ್ನ ಹೊಸ ಗಗನಚುಂಬಿ ಕಚೇರಿಯನ್ನು ತೆರೆಯಿತು. ಅದೇ ವರ್ಷ, ಅದೇ ದ್ವೀಪದ ಕೆಳತುದಿಯಲ್ಲಿ, ಹಿಂದೆ ಅದೇ ಬ್ಯಾಂಕಿನ ಜನ ಕುಳಿತು ಲೆಕ್ಕ ಬರೆಯುತ್ತಿದ್ದ ವಾಟರ್ ಸ್ಟ್ರೀಟಿನ 25ನೆಯ ನಂಬರಿನ ಕಟ್ಟಡದಲ್ಲಿ ಬಾಡಿಗೆಯ ಸಂಸಾರಗಳು ಬಂದಿಳಿಯತೊಡಗಿದವು. ಖಾಲಿ ಬಿದ್ದ ಆ ಕಚೇರಿಯನ್ನು 1,300ಕ್ಕೂ ಮಿಕ್ಕ ಮನೆಗಳನ್ನಾಗಿ ಮಾರ್ಪಡಿಸಲಾಗಿತ್ತು. ಸೀಳುಗಿಂಡಿಗಳಂತಿದ್ದ ಹಳೆಯ ಕಿಟಕಿಗಳು ಕಚೇರಿಗೆ ಸಾಕಾಗಿದ್ದವು. ವಾಸಕ್ಕೆ ಸಾಲದೆಂದು ಇಟ್ಟಿಗೆಯ ಗೋಡೆಯನ್ನು ಕತ್ತರಿಸಿ, ಕ್ರಾಮ್‌ಫರ್ಡಿನ ನೇಕಾರನ ಅಟ್ಟದಲ್ಲಿದ್ದಂತೆ, ಬೆಳಕು ಧಾರಾಳವಾಗಿ ಬೀಳುವ ದೊಡ್ಡ ಕಿಟಕಿಗಳನ್ನು ಇರಿಸಿದ್ದಾರೆ.